ನಿರ್ಮಾಲ್ಯ ತೆಗೆದ ಪತ್ರೆವ್ವ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಸೋದರತ್ತೆ ನಾಗಲವ್ವ, ಗೋಧಿ ಹಸನು ಮಾಡುತ್ತ ಕೂತಾಗ. ಅವಳು ಹೇಳಿದಂತೆಯೇ ಹೇಳುತ್ತೇನೆ.

ಬಲು ಹಿಂದೆ ಹುಲ್ಲಾಪುರವೆಂಬ ರಾಜ್ಯವಿತ್ತು. ಕಣ್ಣು ಹರಿಯುವವರೆಗೆ ಹುಲ್ಲಿನ ಬಯಲು. ಆ ಬಯಲಲ್ಲಿ ದೊರವಾಯನ ಹಕ್ಕಿ ಇತ್ತು. ಆಳಿನ ಸೊಂಟದೆತ್ತರದ ಹಕ್ಕಿ. ಅದು ಗೂಡು ಕಟ್ಟದು; ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುವುದು. ಅಲ್ಲಿ ಅದು ಮರಿ ಮಾಡುತ್ತಿರುವಷ್ಟು ಕಾಲ ಯಾವ ಮಾಟವೂ ರಾಜ್ಯವನ್ನು ಗೆಲ್ಲದು ಎಂದು ಶಿವನ ಅಪ್ಪಣೆ.

ಏಳು ಸಮುದ್ರದಾಚೆಯ ಮಾಟಗಾರ ಕುಟಿಲಾಂಗನಿಗೆ ಆ ರಾಜ್ಯ ಬೇಕಾಯಿತು. ವ್ಯಾಪಾರಿಯ ವೇಷದಲ್ಲಿ ಬಂದ. ಕೈಯಲ್ಲೊಂದು ಹೂಗಿಡ, ಹೆಸರು ಬಣ್ಣಗಿತ್ತಿ. ಅದರ ಹೂ ಬೆಳಿಗ್ಗೆ ಹಳದಿ, ಮಧ್ಯಾಹ್ನ ಕೇಸರಿ, ಸಂಜೆಗೆ ಕೆಂಪು. ಗುಡಿಗೆ ಹೂ ಕೊಡುವ ಹೂಗಾರರ ಹುಡುಗಿ ಪತ್ರೆವ್ವನಿಗೆ ಅದನ್ನು ಕೊಟ್ಟು, "ಮಗಳೇ, ಇಂಥ ಹೂ ನಿಮ್ಮ ದೇವರು ನೋಡಿರಲಿಕ್ಕಿಲ್ಲ" ಎಂದ. ಪತ್ರೆವ್ವ ಹಿಗ್ಗಿದಳು. ಗಿಡ ನೆಟ್ಟಳು, ಮೊದಲ ಹೂವನ್ನು ಲಿಂಗಕ್ಕೆ ಏರಿಸಿದಳು.

ಅಷ್ಟು ಸಾಕಾಯಿತು. ಗಿಡ ಬೇಲಿ ದಾಟಿತು, ಬಯಲಿಗೆ ಇಳಿಯಿತು, ಹುಲ್ಲನ್ನು ನುಂಗುತ್ತ ನಡೆಯಿತು. ಜಿಂಕೆಗಳು ಮೇವಿಲ್ಲದೆ ಗುಳೆ ಹೋದವು. ಗುದ್ದಲಿ ಹಿಡಿದು ಹೋದ ಜನ ಕೈಮುಗಿದು ಮರಳಿದರು.

"ದೇವರ ತಲಿ ಮ್ಯಾಲೆ ಏರಿದ ಹೂವು. ಅದರ ಬುಡಕ್ಕ ಕೈ ಹಾಕೋದೇನು?" ಎಂದರು. ರಾಜನೂ ಹಾಗೇ ಎಂದ. ಮಾಟಗಾರನ ಹೂಟವೂ ಅದೇ ಆಗಿತ್ತು.

ಕಡೆಗೆ ಉಳಿದದ್ದು ಒಂದು ಕಂಬಳಿಯಗಲದ ಹುಲ್ಲು. ನಡುವೆ ಮೊಟ್ಟೆ, ಮೇಲೆ ತಾಯಿಹಕ್ಕಿ. ನೋಡಲು ಬಂದ ಪತ್ರೆವ್ವನಿಗೆ ಹಕ್ಕಿ ಹೇಳಿತು, "ನೀ ತಂದದ್ದನ್ನ ನೀನ ತೆಗಿ, ತಂಗಿ. ಹಾರಿ ಹೋಗಾಕ ನನಗ ರೆಕ್ಕಿ ಅದಾವು. ಮೊಟ್ಟಿಗಿಲ್ಲ."

ಮರುದಿನ ಪತ್ರೆವ್ವ ಗುಡಿಯಲ್ಲಿ ಸುಮ್ಮನೆ ನಿಂತಳು. ಲಿಂಗದ ಮೇಲೆ ನಿನ್ನೆಯ ಬಣ್ಣಗಿತ್ತಿ ಬಾಡಿತ್ತು. ಅದನ್ನು ಮುಟ್ಟಲು ಕೈ ಬರಲಿಲ್ಲ.

ತಾಯಿ ಸಂಗವ್ವ, "ಲಿಂಗಕ್ಕ ಕಾವಲು ನಿಂತೀಯೇನ? ಹೂ ತೆಗಿ" ಎಂದಳು.

"ದೇವರ ಹೂ ಅಲ್ಲೇನಬೇ?"

"ನಿನ್ನಿ ದೇವರ ಹೂ. ಇವತ್ತು ನಿರ್ಮಾಲ್ಯ. ಅದನ್ನ ತೆಗೀಲಾರ್ದ ಪೂಜಿ ಹೆಂಗ ಸುರು ಆಗ್ತದ? ಹೂಗಾರರ ಮನ್ಯಾಗ ಹುಟ್ಟಿ ಇದನ್ನೂ ಹೇಳಿಸ್ಕೊಂತೀಯಲ್ಲ."

ಪತ್ರೆವ್ವನಿಗೆ ಬಯಲೆಲ್ಲ ಒಂದೇ ಲಿಂಗವಾಗಿ, ಬಣ್ಣಗಿತ್ತಿ ಅದರ ಮೇಲಿನ ನಿರ್ಮಾಲ್ಯವಾಗಿ ಕಂಡಿತು. ಸೆರಗು ಬಿಗಿದು, ಗುದ್ದಲಿ ಹಿಡಿದು ಹೊರಟಳು. ಮೊದಲು ಹಿತ್ತಲಲ್ಲಿ ತಾನು ನೆಟ್ಟ ಗಿಡಕ್ಕೇ ಕೈ ಹಾಕಿದಳು; ಅದರ ತಾಯಿಬೇರಿನಲ್ಲಿ ಮಾಟಗಾರ ತನ್ನ ಜೀವ ಅಡಗಿಸಿಟ್ಟಿದ್ದ.

ಮೊದಲ ಸಲ ಎಳೆದಾಗ ಗಿಡ ಕೂಸಿನಂತೆ ಅತ್ತಿತು. "ಮೊಟ್ಟಿಯೊಳಗಿನ ಕೂಸಿಗೆ ಅಳಾಕೂ ಬರಂಗಿಲ್ಲ" ಎಂದಳು. ಕೈ ಬಿಡಲಿಲ್ಲ.

ಎರಡನೆಯ ಸಲ ಮುಳ್ಳುಗಳೆಲ್ಲ ಹಾವಿನ ಹಲ್ಲಾದವು. "ಹೂಗಾರರ ಕೈಗೆ ಮುಳ್ಳು ಹೊಸದೇನಲ್ಲ" ಎಂದಳು. ರಕ್ತ ಸುರಿಯಿತು, ಕೈ ಬಿಡಲಿಲ್ಲ.

ಮೂರನೆಯ ಸಲ ಮಾಟಗಾರನೇ ವಿಭೂತಿ ಬಳಿದುಕೊಂಡು ಸ್ವಾಮಿಯಾಗಿ ಬಂದ. "ದೇವರ ಹೂವಿನ ಗಿಡ ಕಿತ್ತರೆ ನರಕ, ಮಗಳೇ."

ಪತ್ರೆವ್ವ ಮೊದಲು ವಿಭೂತಿಗೆ ಶರಣೆಂದಳು. ಆಮೇಲೆ ಹೇಳಿದಳು, "ದೇವರದು ಅಂತನ ಕೀಳಾಕತ್ತೇನ್ರಿ, ಅಜ್ಜಾರ. ನಿರ್ಮಾಲ್ಯ ತೆಗದು ಪೂಜಿ ಮಾಡಬೇಕು. ನೀವೂ ಒಂದು ಕೈ ಹಚ್ರಿ."

ಅವನು ಹಿಂದೆ ಸರಿದ. ಪೂಜೆಗೆ ಕೈ ಹಚ್ಚದ ಸ್ವಾಮಿ ಎಂಥವನೆಂದು ಅವಳಿಗೆ ತಿಳಿಯಿತು. ಶಿವನನ್ನು ನೆನೆದು ಎಳೆದಳು. ತಾಯಿಬೇರು ಕಿತ್ತು ಬಂತು. ಮಾಟಗಾರ ನಿಂತಲ್ಲೇ ಒಂದು ಹಿಡಿ ಒಣ ತರಗಾಗಿ ಗಾಳಿಗೆ ಹೋದ.

ಬಯಲಿನ ಗಿಡ ಮಾತ್ರ ತಾನಾಗಿ ಒಣಗಲಿಲ್ಲ. ಪತ್ರೆವ್ವ ಒಂದೊಂದನ್ನೇ ಬೇರುಸಹಿತ ಕಿತ್ತಳು. ಅವಳನ್ನು ನೋಡಿ ಸಂಗವ್ವ ಬಂದಳು, ಊರು ಬಂತು, ರಾಜ ಕಿರೀಟ ಬಿಚ್ಚಿಟ್ಟು ಗುದ್ದಲಿ ಹಿಡಿದ. ಮಳೆ ಬಿತ್ತು, ಹುಲ್ಲು ಚಿಗುರಿತು, ಜಿಂಕೆ ಮರಳಿದವು. ಮೊಟ್ಟೆಯೊಡೆದು ಮರಿ ಎದ್ದು ನಿಂತು, ತಾಯಿಯ ಹಿಂದೆ ಹುಲ್ಲಿಗಿಳಿಯಿತು. ಬಣ್ಣಗಿತ್ತಿ ಅಲ್ಲೊಂದು ಇಲ್ಲೊಂದು ಮೊಳೆತರೆ ಜನ ಬೆಳಗಿನ ಪೂಜೆಗೆ ಮೊದಲೇ ಅದನ್ನು ಕಿತ್ತು, ಆಮೇಲೆ ಗಂಟೆ ಬಾರಿಸುವರು. ಹೀಗೆ ಎಲ್ಲರೂ ಸುಖವಾಗಿದ್ದರು.

ಓದಿದವರು ಇದನ್ನು ಮನೆಯ ಮಕ್ಕಳಿಗೆ ದಾಟಿಸಿರಿ. ಬೇರೇನು ಮರೆತರೂ ಸಂಗವ್ವನ ಮಾತನ್ನು ಮಾತ್ರ ಬಿಡದೆ ಹೇಳಿರಿ.