ಚೀಸ್ ಆದ ಮೇಲೆ

ಚೀಸಿನ ಕೊನೆಯ ತುಣುಕು ತಿಂದು ಬಾಯಿ ಒರೆಸಿಕೊಂಡವನೇ ಡೆಸ್ಮಂಡ್, "ಊಟ ತುಂಬಾ ಚೆನ್ನಾಗಿತ್ತು, ಮೇಡಂ," ಎಂದು ಎದ್ದುಬಿಟ್ಟ. ಅವನು ಟೋಪಿ ಇಟ್ಟುಕೊಂಡು ಸೇಬಿನ ತೋಟದ ದಾರಿ ಹಿಡಿದದ್ದನ್ನು ಸೊಲಾಂಜ್ ಕಿಟಕಿಯಿಂದ ನೋಡುತ್ತ ನಿಂತಳು. ಬೆಳಗಿನಿಂದ ಕೈಯಾರೆ ಮಾಡಿದ್ದ ಪಿಯರ್ ಹಣ್ಣಿನ ಸಿಹಿತಿಂಡಿ, ಟಾರ್ಟ್, ಒಲೆಯೊಳಗೆ ಇನ್ನೂ ಬಿಸಿಯಾಗಿತ್ತು.

ಅದನ್ನು ಕೊಯ್ದು ಬಡಿಸುವಾಗ ಹೇಳಬೇಕೆಂದಿದ್ದ ಮಾತೊಂದಿತ್ತು: ಹೋಗಬೇಡಿ.

ಗಂಡ ತೀರಿಕೊಂಡ ಮೇಲೆ ಫ್ರಾನ್ಸಿನ ನಾರ್ಮಂಡಿಯ ಆ ಹಳ್ಳಿಯಲ್ಲಿ ಅವಳು ಒಬ್ಬಳೇ ಹಸು ಕರೆದು, ಒಬ್ಬಳೇ ಉಂಡವಳು. ಪಕ್ಕದ ಮನೆ ಕೊಂಡು ಬಂದ ಈ ಇಂಗ್ಲಿಷಿನವನು, ಸೇಬಿನ ಮದ್ಯದಲ್ಲಿ ತನ್ನೂರಿನ ಸೈಡರೇ ಮೇಲೆಂದು ಬೇಲಿಯಾಚೆ ಜಗಳಕ್ಕೆ ನಿಂತಂದಿನಿಂದ ಅವಳ ಸಂಜೆಗಳಿಗೆ ಸದ್ದು ಬಂದಿತ್ತು. ಅವನು ಮನೆ ಮಾರಿ ಇಂಗ್ಲೆಂಡಿನ ಸಾಮರ್‌ಸೆಟ್‌ಗೆ ಹಿಂತಿರುಗುತ್ತಾನಂತೆ ಎಂದು ಈಗ ಊರವರು ಆಡಿಕೊಳ್ಳುತ್ತಿದ್ದರು.

ಮನಸ್ಸಿನ ಮಾತು ಮುಖದಲ್ಲೇ ಕಂಡಿರಬೇಕು, ಅದಕ್ಕೇ ಓಡಿದ, ಎಂದುಕೊಂಡಳು. ಟಾರ್ಟನ್ನು ಒಬ್ಬಳೇ ತಿಂದು ಮುಗಿಸಿದಳು. ಬೇಲಿಯ ಕಡೆ ಹೋಗುವುದನ್ನೂ ಬಿಟ್ಟಳು.

ಊರು ಬಿಡುವ ಮೊದಲು ಒಂದು ಭಾನುವಾರ ಅವನೇ ಬಾಗಿಲಿಗೆ ಬಂದ. "ನಮ್ಮ ಕಡೆಯ ಊಟಕ್ಕೆ ಬನ್ನಿ. ಬೈಬಾರ್ದು, ಅಷ್ಟೆ."

ಹೋದಳು. ಹುರಿದ ಮಾಂಸ, ಅದರ ರಸದಲ್ಲಿ ನೆಂದ ಉಬ್ಬಿದ, ಸಿಹಿಯಿಲ್ಲದ ಹಿಟ್ಟಿನ ಪುಡ್ಡಿಂಗ್, ಕುಡಿಯಲು ಸೈಡರ್.

"ಈ ಬೀನ್ಸ್ ಏನ್ರೀ ಪಾಪ ಮಾಡಿತ್ತು, ಹೀಗೆ ಬೇಯಿಸಿದ್ದೀರಿ?"

"ಮಾಂಸಾನ ಅರ್ಧ ಹಸೀನೇ ತಿನ್ನೋರು ನೀವು. ನಿಮಗೇನು ಗೊತ್ತು!"

ಅವಳ ತುಟಿಯಂಚು ಅಲುಗಿತು. ಅವನು ಅದನ್ನೇ ನೋಡುತ್ತಿದ್ದಾನೆಂದು ತಿಳಿದು ತಟ್ಟೆಗೆ ಮುಖ ಬಗ್ಗಿಸಿದಳು.

ಕಸ್ಟರ್ಡ್ ಸುರಿದ ಸೇಬಿನ ಸಿಹಿ ಬಂತು. ಚೀಸನ್ನೂ ಇಡದೆ ಸಿಹಿಗೆ ಬಂದನಲ್ಲ, ಬೇಗ ಕಳಿಸುವ ಆತುರ. ಗೋಡೆಗೊರಗಿಸಿದ್ದ ಪೆಟ್ಟಿಗೆಗಳನ್ನೊಮ್ಮೆ ನೋಡಿ, ಸಿಹಿ ತಿಂದು ಎದ್ದಳು.

"ಎಲ್ಲಿಗೆ? ಚೀಸ್ ಇನ್ನೂ ಬರ್ಬೇಕು."

"ಸಿಹಿ ಆದ್ಮೇಲೆ ಚೀಸಾ?"

"ಮತ್ತೆ? ಚೀಸ್ ಬಂತು ಅಂದ್ರೆ ಊಟ ಮುಗೀತು."

ಸೊಲಾಂಜ್ ಮೆಲ್ಲಗೆ ಕುರ್ಚಿಯಲ್ಲಿ ಕುಸಿದಳು. "ಅಯ್ಯೋ ನನ್ನಪ್ಪಾ! ನಮ್ಮಲ್ಲಿ ಚೀಸ್ ಆದ್ಮೇಲೇ ಸಿಹಿ. ಅವತ್ತು ಒಲೇಲಿ ಟಾರ್ಟ್ ಇತ್ತು ಕಣ್ರೀ."

ಅವನ ಮುಖ ಬಿಳಿಚಿತು. "ಹೊರಡು ಅಂತ ಚೀಸ್ ತಂದಿಟ್ರಿ ಅಂದ್ಕೊಂಡೆ. ಈ ಊರಲ್ಲಿ ನನ್ನ ಊಟಕ್ಕೆ ಕರೆದೋರು ನೀವೊಬ್ರೇ. ನಂಗೆ ಹೇಗೆ ಗೊತ್ತಾಗ್ಬೇಕು? ಮಾರನೇ ದಿನಾನೇ ಮನೆ ಕೊಟ್ಬಿಟ್ಟೆ."

"ಟಾರ್ಟ್ ಬಡಿಸಿ ಒಂದು ಮಾತು ಹೇಳೋಳಿದ್ದೆ."

"ಏನು?"

"ಹೋಗ್ಬೇಡಿ ಅಂತ."

ಹೊರಗೆ ಹಸುವೊಂದು ಕೂಗಿ ಸುಮ್ಮನಾಯಿತು.

"ಮನೆ ಹೋಯ್ತಲ್ಲ, ಸೊಲಾಂಜ್." ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಹೋದ್ರೆ ಹೋಗ್ಲಿ. ನಮ್ಮನೇಲಿ ಒಂದು ಜೀವಕ್ಕೆ ಜಾಗ ಇದೆ."

ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ನಾನು ಟೀಗೆ ಹಾಲು ಹಾಕ್ಕೊಳ್ತೀನಿ."

"ಗೊತ್ತು. ನಮ್ಮಲ್ಲಿ ಯಾರೂ ಹಾಗೆ ಕುಡಿಯಲ್ಲ. ಕಣ್ಣಲ್ಲಿ ನೋಡೋಕಾಗಲ್ಲ," ಎಂದಳು, ಕೆನ್ನೆ ಒರೆಸಿಕೊಳ್ಳುತ್ತ. "ಆ ಕಡೆ ತಿರುಗ್ಕೊಂಡು ಕುಡೀರಿ."