ಸಣ್ಣ ಅಕ್ಷರದ ತಾರೀಕುಗಳು

"ಒಂದು ಕಲರ್ ಫೋಟೋನೂ ಇಲ್ವಲ್ಲೇ ಇದ್ರಲ್ಲಿ!" ಚೈತ್ರ ನಕ್ಕಳು.

ಲೈಬಾ ಡೆಸ್ಕಿನ ಮೇಲಿದ್ದ ನಾಲ್ಕು ಹಾಳೆಗಳನ್ನು ಅಂಗೈಯಿಂದ ಸವರಿದಳು. ಅಟ್ಟೂರು ಕೆರೆಯ ಬಸವನಹುಳುಗಳ ಬಗ್ಗೆ ಅವಳ ಅಮ್ಮಿ ಒಂದು ವಿಜ್ಞಾನ ಪತ್ರಿಕೆಗೆ ಬರೆದ ಲೇಖನ ಅದು.

ಕೆರೆ ಪ್ರಾಜೆಕ್ಟಿಗೆ ನಂಬಬಹುದಾದ ಲೇಖನ ತಂದವರೇ ಲೀಡರ್ ಎಂದಿದ್ದರು ರಾಧಾಮಣಿ ಮಿಸ್. ಎರಡು ವರ್ಷದಿಂದ ಎಲ್ಲದಕ್ಕೂ ಲೈಬಾಳೇ ಲೀಡರ್. ಅವಳ ಹೆಸರು ಕರೆದಾಗಲೆಲ್ಲ ಚೈತ್ರ ಚಪ್ಪಾಳೆ ತಟ್ಟದೆ ಕೈಕಟ್ಟಿ ಕೂರುತ್ತಿದ್ದಳು.

ಈ ಸಲ ಚೈತ್ರಳ ಕೈಯಲ್ಲಿ ಹೊಳೆಯುವ ಪತ್ರಿಕೆ ಇತ್ತು. ಅದರಲ್ಲಿ ಶರತ್ ಚಿಕ್ಕಪ್ಪನ ಲೇಖನ. ಕೆರೆ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತ ಫೋಟೋ ಬೇರೆ.

"ಮಿಸ್, ಚಿಕ್ಕಪ್ಪ ಬುಧವಾರ ಕಳಿಸಿದ್ರು, ಭಾನುವಾರಾನೇ ಪ್ರಿಂಟ್ ಆಯ್ತು!"

"ಮಧ್ಯದಲ್ಲಿ ಯಾರು ಓದಿ ತಪ್ಪು ಹುಡುಕಿದ್ರು?"

"ತಪ್ಪಾ? ನಮ್ಮ ಚಿಕ್ಕಪ್ಪ ಬರೆದಿದ್ದು ಮಿಸ್!"

ಕ್ಲಾಸೆಲ್ಲ ನಕ್ಕಿತು. ಮಿಸ್ ನಗಲಿಲ್ಲ. ಲೈಬಾಳ ಹಾಳೆಯನ್ನು ಚೈತ್ರಳಿಗೆ ಕೊಟ್ಟರು.

"ಕೆಳಗಿರೋ ಸಣ್ಣ ಅಕ್ಷರ ಓದಮ್ಮ."

ಇಂಗ್ಲಿಷಿನಲ್ಲಿ ನಾಲ್ಕು ತಾರೀಕುಗಳಿದ್ದವು. ಲೇಖನ ತಲುಪಿದ್ದು ಜೂನ್. ತಿದ್ದಿದ್ದು ನವೆಂಬರ್. ಮತ್ತೆ ತಿದ್ದಿದ್ದು ಮಾರ್ಚ್. ಒಪ್ಪಿದ್ದು ಜುಲೈ.

"ಅದೇ ವಿಷಯ ಚೆನ್ನಾಗಿ ಗೊತ್ತಿರೋ ಬೇರೆಯವ್ರು ಓದಿ ತಪ್ಪು ಹುಡುಕ್ತಾರೆ. ಅವ್ರು ಯಾರು ಅಂತ ಬರೆದವ್ರಿಗೂ ಹೇಳಿರಲ್ಲ. ಸರಿಯಾಗೋವರೆಗೂ ತಿದ್ದಬೇಕು. ಪಿಯರ್ ರಿವ್ಯೂ ಅಂತಾರೆ ಇದಕ್ಕೆ," ಎಂದರು ಮಿಸ್.

ಚೈತ್ರ ಆ ಸಾಲನ್ನು ಮತ್ತೆ ನೋಡಿದಳು. ನವೆಂಬರ್.

ಆ ತಿಂಗಳು ಪೂರ್ತಿ ಲೈಬಾಳ ಡಬ್ಬಿಯಲ್ಲಿ ಬರೀ ಬ್ರೆಡ್ ಜಾಮ್. "ನಿಮ್ಮಮ್ಮಿಗೆ ಅಡುಗೆ ಬರಲ್ವಾ?" ಎಂದು ಎಲ್ಲರೆದುರು ಕೇಳಿದ್ದು ಚೈತ್ರಳೇ. ಲೈಬಾ ಆಗ ಡಬ್ಬಿಯ ಮುಚ್ಚಳ ಹಾಕಿಬಿಟ್ಟಿದ್ದಳು. ಮಾರ್ಚಿನಲ್ಲಿ, ಸ್ಕೂಲ್ ಡೇ ದಿನ, ಡ್ಯಾನ್ಸ್ ಮುಗಿಸಿದ ಲೈಬಾ ಸ್ಟೇಜಿನಿಂದ ಒಂದು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು.

ಲೀಡರ್ ಬ್ಯಾಡ್ಜ್ ಲೈಬಾಳಿಗೇ ಹೋಯಿತು. ಚೈತ್ರ ಪತ್ರಿಕೆಯನ್ನು ಮಡಚಿ ಬ್ಯಾಗಿಗೆ ತುರುಕಿದಳು.

ಊಟದ ಬೆಲ್ ಆಯಿತು. ಲೈಬಾ ಡಬ್ಬಿಯ ಮುಚ್ಚಳ ಅರ್ಧ ತೆರೆದು, ಚೈತ್ರಳನ್ನು ಕಂಡು ಮತ್ತೆ ಮುಚ್ಚಿದಳು.

"ಬ್ರೆಡ್ ಜಾಮಾ?"

"ಹೂಂ. ಅಮ್ಮಿ ಇನ್ನೊಂದು ಬರೀತಿದ್ದಾರೆ."

ಚೈತ್ರ ತನ್ನ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ ಕೈ ಚಾಚಿದಳು. "ನಂಗೊಂದು ಕೊಡೇ."

ಲೈಬಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೊಟ್ಟಳು.

ಚೈತ್ರ ಬ್ರೆಡ್ ಬಿಡಿಸಿ ನೋಡಿದಳು. ಲೈಬಾಳ ಅಮ್ಮಿ ಜಾಮನ್ನು ನಾಲ್ಕೂ ಮೂಲೆಗೆ ಮುಟ್ಟುವಂತೆ ಸವರಿದ್ದರು. ಎಲ್ಲೂ ಒಂದು ಚೂರು ಖಾಲಿ ಬಿಟ್ಟಿರಲಿಲ್ಲ.