ಕುಬ್ರಾ ಕಲಿತ ಹಬ್ಬದ ಮಾತು

ಹಲ್ಲಿನ ಅಚ್ಚು ತೆಗೆಯುವ ಬಟ್ಟಲನ್ನು ಕುಬ್ರಾ ಸದ್ದಿಲ್ಲದೆ ಉಜ್ಜುತ್ತಿದ್ದಳು.

ಯಶವಂತಪುರದ ಆ ಹಲ್ಲು ಕಟ್ಟುವ ಅಂಗಡಿಯಲ್ಲಿ ದೀಪಾವಳಿಯಿಂದೀಚೆಗೆ ಮಾತೇ ಇರಲಿಲ್ಲ. ಚೀನೀ ಯಜಮಾನಿ ಮೇರಿಯಮ್ಮ ಉಬ್ಬಸದಿಂದ ತೀರಿಕೊಂಡ ಮೇಲೆ ಅವರ ಮಗ ಆಲ್ಬರ್ಟ್ ಇವಳ ಮುಖವನ್ನೂ ನೋಡುತ್ತಿರಲಿಲ್ಲ. ಏನಿದ್ದರೂ ಸಿಡುಕು!

ಇವತ್ತು ಚೀನೀಯರ ಹೊಸ ವರ್ಷ... ಮೇರಿಯಮ್ಮ ತಮ್ಮ ಭಾಷೆಯಲ್ಲಿ ಹೇಳಿಕೊಟ್ಟಿದ್ದ ಹಬ್ಬದ ಶುಭಾಶಯದ ಮಾತು ಇವತ್ತಿಗೇ. 'ಹಬ್ಬದ ದಿನ ಹೇಳು, ನನ್ ಮಗ ನಕ್ಕೇ ನಗ್ತಾನೆ' ಎಂದಿದ್ದರು.

ಒಂದೇ ಒಂದು ಸಲ ಅವನು ನಕ್ಕರೆ ಸಾಕಿತ್ತು ಅವಳಿಗೆ!

ಆಲ್ಬರ್ಟ್ ಒಳಗೆ ಬಂದ. ಅವಳು ಎದ್ದು ನಿಂತಳು.

"ಕ್ಯುಂಗ್ ಹೀ..." ಎಂದು, ಗಂಟಲಲ್ಲಿ ಸುಂಯ್ ಎಂದು ಉಸಿರೆಳೆದು, "...ಫಾಟ್ ಛೋಯ್" ಎಂದಳು.

ಅವನ ಮುಖ ಕೆಂಪಾಯಿತು.

"ಬೀದಿ ಹುಡುಗ್ರು ಚೀನಾ ಚೀನಾ ಅಂತ ಅಣಕಿಸೋದು ಸಾಲ್ದು ಅಂತ ನೀನೂನಾ? ಅದೂ ಸತ್ತೋಗಿರೋ ನಮ್ಮಮ್ಮನ್ನ!"

"ಅಣಕ ಅಲ್ಲ ಸಾರ್..."

"ಬಾಯ್ಮುಚ್ಚು! ಈ ವರ್ಷ ನಮ್ಮನೇಲಿ ಹಬ್ಬಾನೂ ಇಲ್ಲ. ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ, ಹೋಗು!"

ಮತ್ತಿಕೆರೆಯಿಂದ ದಾರಿಯುದ್ದಕ್ಕೂ ಆ ಮಾತನ್ನೇ ಗುನುಗಿಕೊಂಡು ಬಂದಿದ್ದಳು... ಇದಕ್ಕೇನಾ?

ಬುರ್ಖಾ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿದಳು. ಇಷ್ಟು ದಿನ ನುಂಗಿದ್ದೆಲ್ಲ ಉಕ್ಕಿತು.

"ಅಮ್ಮ ಹೇಳ್ಕೊಟ್ಟಿದ್ದೇ ಹಿಂಗೆ! ಅವ್ರ ಬಾಯಿ ನೋಡ್ಕೊಂಡೇ ಕಲ್ತಿದ್ದು. ಮಧ್ಯ ಉಸ್ರು ಎಳೀದಿದ್ರೆ ಮಾತು ತಪ್ಪಾಗಲ್ವಾ?"

ಆಲ್ಬರ್ಟ್ ಹಾಗೇ ನಿಂತುಬಿಟ್ಟ.

"ಉಸಿರು... ಮಾತಿನ ಜೊತೆ ಸೇರಿದ್ದು ಅನ್ಕೊಂಡ್ಯಾ?"

"ನಿಮ್ ಭಾಷೆ ಅಲ್ವಾ ಅದು?"

"ಅಲ್ಲ." ಅವನ ದನಿ ಒಡೆಯಿತು. "ಅದು ಅಮ್ಮನ ಉಬ್ಬಸ."

ಕುಬ್ರಾ ಬಾಯಿಗೆ ಕೈ ಅಡ್ಡ ಹಿಡಿದಳು. ಯಾ ಅಲ್ಲಾ!

ಅವನು ಹಲ್ಲು ನೋಡುವ ಕುರ್ಚಿಯಲ್ಲಿ ಕುಸಿದು ಕುಳಿತ.

"ನೀನು ಬಂದ್ರೆ ಅಮ್ಮ ಎಷ್ಟು ನಗ್ತಿದ್ರು... ನಿನ್ನ ನೋಡಿದ್ರೆ ಅದೇ ನೆನಪಾಗುತ್ತೆ. ಅದಕ್ಕೇ ನೋಡ್ತಿರ್ಲಿಲ್ಲ. ಇಷ್ಟ ಇಲ್ದೆ ಅಲ್ಲ ಕುಬ್ರಾ..."

"ಮತ್ತೆ... ನಾಳೆ ಬರ್ಲಾ?"

"ನಾಳೆ ಬಾ. ದಿನಾ ಬಾ. ಸಾರ್ ಅನ್ನೋದು ಬಿಟ್ಟು ಬಾ."

ಅವಳ ಕಣ್ಣು ತುಂಬಿ ಬಂತು. ಅಮ್ಮ ಹೋದ ಮೇಲೆ ಮೊದಲ ಸಲ ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಹೇಳು," ಎಂದ ಮೆಲ್ಲಗೆ. "ಹಂಗೇ... ಉಸಿರೆಳೆದು."

ಅವಳು ಕಣ್ಣೊರೆಸಿಕೊಂಡು "ಕ್ಯುಂಗ್ ಹೀ..." ಎಂದು, ಮೇರಿಯಮ್ಮನ ಹಾಗೆಯೇ ಸುಂಯ್ ಎಂದು ಉಸಿರೆಳೆದಳು.